ಅಮ್ಮ ಬಿಟ್ಟ ರಾಗ, ಮಗಳು ಹಿಡಿದ ರಾಗ: ಧಾರವಾಡದ ಕಿವಿ ಬದಲಾದ ಕಥೆ

ಪುಣೆಯಲ್ಲಿ ಕೆಲಸ ಮಾಡೋ ಕನ್ನಡಿಗರಿಗೆ ಡಿಸೆಂಬರ್ ಬಂತು ಅಂದ್ರೆ ಒಂದು ಹೆಮ್ಮೆ ಶುರುವಾಗುತ್ತೆ. ಸವಾಯಿ ಗಂಧರ್ವ ಮಹೋತ್ಸವ. ಆಫೀಸಿನ ಮರಾಠಿ ಗೆಳೆಯರು ಟಿಕೆಟ್‌ಗೆ ಓಡಾಡ್ತಿರುವಾಗ ನಾವು ಸುಮ್ನೆ ಒಂದು ಮಾತು ಎಸೀತೀವಿ: "ಸವಾಯಿ ಗಂಧರ್ವರು ನಮ್ಮ ಕುಂದಗೋಳದವರು, ಗೊತ್ತಲ್ಲ? ಭೀಮಸೇನ ಜೋಶಿ ಗದಗಿನವರು." ಅವರೂ ತಲೆಯಾಡಿಸ್ತಾರೆ. ಆಮೇಲೆ ಯಾರಾದ್ರೂ ಒಬ್ಬರು ಹೇಳೇ ಹೇಳ್ತಾರೆ, ಹಿಂದೂಸ್ತಾನಿ ಸಂಗೀತ ಹುಬ್ಬಳ್ಳಿ-ಧಾರವಾಡದವರ ರಕ್ತದಲ್ಲೇ ಇದೆ, ಅದು ಅಲ್ಲಿನ ಮಣ್ಣಿನ ಗುಣ ಅಂತ.

ಮಣ್ಣಿನ ಗುಣ ಅನ್ನೋ ಈ ಮಾತನ್ನೇ ಇವತ್ತು ಸ್ವಲ್ಪ ಬಿಚ್ಚಿ ನೋಡೋಣ. ಯಾಕಂದ್ರೆ ಭೀಮಸೇನರ ಅಜ್ಜಿಯ ಕಾಲಕ್ಕೆ ಹೋದರೆ ಆ ಮಣ್ಣಿನಲ್ಲಿ ಕೇಳಿಬರ್ತಿದ್ದ ಶಾಸ್ತ್ರೀಯ ಸಂಗೀತ ಬಹುಪಾಲು ಕರ್ನಾಟಕ ಸಂಗೀತ. ದಾಸರ ಪದ, ಕೀರ್ತನೆ, ಜಾವಳಿ. ಹಿಂದೂಸ್ತಾನಿ ಅಲ್ಲಿಗೆ ಹೊರಗಿನಿಂದ ಬಂತು, ಹೆಚ್ಚುಕಮ್ಮಿ ಎರಡು ತಲೆಮಾರಿನೊಳಗೆ ಇಡೀ ಪ್ರದೇಶದ ಕಿವಿಯನ್ನೇ ಬದಲಾಯಿಸಿಬಿಡ್ತು. ಮಕ್ಕಳ ಹಾಡು ಅಪ್ಪ-ಅಮ್ಮನಿಗೆ ಹಿಡಿಸಲ್ಲ, ಅಪ್ಪನ ಹಾಡು ಮಕ್ಕಳಿಗೆ ಬೋರು ಅಂತ ನಾವು ದಿನಾ ಕೇಳ್ತೀವಲ್ಲ, ಅದರ ದೊಡ್ಡ ಉದಾಹರಣೆ ನಮ್ಮ ಊರಲ್ಲೇ ಇದೆ.

ಈ ಬದಲಾವಣೆ ಒಂದು ಮನೆಯಲ್ಲಿ ಹೇಗೆ ನಡೀತು ಅಂತ ನೋಡಬೇಕಾದರೆ ಗಂಗೂಬಾಯಿ ಹಾನಗಲ್ ಅವರ ಮನೆಗೆ ಹೋಗಬೇಕು. ಗಂಗೂಬಾಯಿ ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ಅದು ಹಾಡುವ ಹೆಂಗಸರ ಮನೆತನ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಸಾಮಾನ್ಯ ಗಾಯಕಿಯಲ್ಲ, ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರೇ ಅವರ ಮನೆಗೆ ಬಂದು ಕೂತು ಕೇಳ್ತಿದ್ದಂಥ ಗಾಯಕಿ. ಆದರೆ ಮಗಳ ಕಿವಿ ಬೇರೆ ಕಡೆ ಎಳೀತಿತ್ತು. ಬೀದಿಯಲ್ಲಿ ಕೇಳಿಬರೋ ಗ್ರಾಮೊಫೋನ್ ಹಾಡು, ನಾಟಕದ ಹಾಡು, ಎಲ್ಲ ಹಿಂದೂಸ್ತಾನಿ ಛಾಯೆಯವು.

ಅಂಬಾಬಾಯಿ ಏನು ಮಾಡಿದರು? ಮಗಳಿಗೆ ಬೈದು ತಮ್ಮ ದಾರಿಗೆ ಎಳೀಲಿಲ್ಲ. ಅವಳಿಗೆ ಹಿಂದೂಸ್ತಾನಿ ಕಲಿಸೋಕೆ ಏರ್ಪಾಡು ಮಾಡಿದರು. 1928ರಲ್ಲಿ ಸಂಸಾರ ಹುಬ್ಬಳ್ಳಿಗೆ ಬಂತು, ಅಲ್ಲಿ ಕೃಷ್ಣಾಚಾರ್ಯ ಹುಲಗೂರ ಅವರ ಹತ್ತಿರ ಪಾಠ ಶುರುವಾಯ್ತು. ಮುಂದೆ ಸವಾಯಿ ಗಂಧರ್ವರು ಗುರುಗಳಾದರು. ಇಷ್ಟೇ ಆಗಿದ್ದರೆ ಒಳ್ಳೇ ತಾಯಿಯ ಕಥೆ ಅಂತ ಮುಂದೆ ಹೋಗಬಹುದಿತ್ತು. ಆದರೆ ಅಂಬಾಬಾಯಿ ಇನ್ನೊಂದು ಕೆಲಸ ಮಾಡಿದರು. ತಾವು ಹಾಡೋದನ್ನೇ ನಿಲ್ಲಿಸಿಬಿಟ್ಟರು. ಮನೆಯಲ್ಲಿ ಕರ್ನಾಟಕಿ ಕೇಳ್ತಾ ಇದ್ದರೆ ಮಗಳ ಹಿಂದೂಸ್ತಾನಿಯಲ್ಲಿ ಅದರ ಗಮಕ ಬೆರೆತುಹೋಗುತ್ತೆ, ಎರಡರಲ್ಲಿ ಯಾವುದೂ ಶುದ್ಧವಾಗಿ ನಿಲ್ಲಲ್ಲ ಅನ್ನೋ ಭಯ. ಇದನ್ನ ಗಂಗೂಬಾಯಿಯೇ ಮುಂದೆ ಹಲವು ಕಡೆ ಹೇಳಿಕೊಂಡಿದ್ದಾರೆ. 1932ರಲ್ಲಿ ಅಂಬಾಬಾಯಿ ತೀರಿಕೊಂಡರು. ಮಗಳು ಭಾರತವೆಲ್ಲ ಮಾತಾಡುವ ಗಾಯಕಿಯಾಗಿದ್ದನ್ನ ಅವರು ನೋಡಲಿಲ್ಲ.

ನನಗೆ ಈ ಪ್ರಸಂಗ ಓದಿದಾಗಲೆಲ್ಲ ಒಂದು ವಿಷಯ ಕಾಡುತ್ತೆ. ರುಚಿ ಬದಲಾಯ್ತು ಅಂತ ನಾವು ಎಷ್ಟು ಹಗುರವಾಗಿ ಹೇಳ್ತೀವಿ. ಇಲ್ಲಿ ಒಬ್ಬ ಹೆಂಗಸು ತನ್ನ ಜೀವನದ ವಿದ್ಯೆಯನ್ನ ಮನೆಯೊಳಗೇ ಮುಚ್ಚಿಟ್ಟಳು. ನಮ್ಮಲ್ಲಿ ಎಷ್ಟೋ ಜನರ ಅಪ್ಪ-ಅಮ್ಮಂದಿರು ಊರ ಶಾಲೆ ಬಿಡಿಸಿ ಇಂಗ್ಲಿಷ್ ಮೀಡಿಯಂಗೆ ಹಾಕಿದ್ದು, ಮನೆಯಲ್ಲಿ ಗೊತ್ತಿದ್ದಷ್ಟು ಇಂಗ್ಲಿಷ್‌ನಲ್ಲೇ ಮಾತಾಡೋಕೆ ಒದ್ದಾಡಿದ್ದು ನೆನಪಿಸಿಕೊಳ್ಳಿ. ಅದರ ಲೆಕ್ಕಾಚಾರವೂ ಇದೇ. ಮುಂದೆ ಸ್ಕೋಪ್ ಎಲ್ಲಿದೆಯೋ ಆ ಕಡೆ ಮಗು ಹೋಗಲಿ, ಅಡ್ಡ ಬರೋದು ನನ್ನದಾದರೆ ನಾನೇ ಸುಮ್ಮನಾಗ್ತೀನಿ.

ಸ್ಕೋಪ್ ಅಂತ ಬೇಕಂತಲೇ ಹೇಳಿದೆ. ಯಾಕಂದ್ರೆ ಹಿಂದೂಸ್ತಾನಿ ಬಂದಿದ್ದು ಬರೀ ಇಂಪಾಗಿದೆ ಅಂತಲ್ಲ. 1818ರಲ್ಲಿ ಪೇಶ್ವೆ ಆಡಳಿತ ಮುಗಿದ ಮೇಲೆ ಧಾರವಾಡ ಸೀಮೆ ಕೊನೆಗೆ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಕಚೇರಿ, ಶಾಲೆ ಎಲ್ಲ ಕಡೆ ಮರಾಠಿ. ಅದಕ್ಕೆ ಎದುರಾಗಿಯೇ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು. ಭಾಷೆಯ ವಿಷಯದಲ್ಲಿ ಧಾರವಾಡ ಹಟ ಹಿಡಿದು ನಿಂತಿತು, ಆದರೆ ಸಂಗೀತದ ವಿಷಯದಲ್ಲಿ ಬಾಗಿಲು ತೆಗೆದು ಕೂತಿತು. ಇದು ನನಗೆ ಬಹಳ ಸೋಜಿಗ ಅನ್ಸುತ್ತೆ. ಒಂದೇ ಊರು, ಒಂದೇ ಕಾಲ, ಮರಾಠಿ ಪಠ್ಯಪುಸ್ತಕ ಬೇಡ, ಮರಾಠಿ ನಾಟಕದ ಹಾಡು ಬೇಕು!

ನಾಟಕದ ಹಾಡು ಅಂದೆನಲ್ಲ, ಅದರ ಕಥೆ ಇನ್ನೂ ಮಜಾ. 1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳ ಸಾಂಗ್ಲಿಗೆ ಹೋಗಿ ಆಟ ತೋರಿಸ್ತು. ಅದನ್ನ ನೋಡಿ ಅಲ್ಲಿನ ಸಂಸ್ಥಾನಿಕರಿಗೆ ಮರಾಠಿಯಲ್ಲೂ ಹೀಗೊಂದು ಬೇಕು ಅನ್ನಿಸಿ, 1843ರಲ್ಲಿ ವಿಷ್ಣುದಾಸ ಭಾವೆ ಸೀತಾ ಸ್ವಯಂವರ ಆಡಿಸಿದರು. ಮರಾಠಿ ರಂಗಭೂಮಿಯ ಆರಂಭ ಅಂತ ಹೇಳೋದು ಅದನ್ನೇ. ಆಮೇಲೆ 1880ರಲ್ಲಿ ಪುಣೆಯಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರ್ ಶಾಕುಂತಲ ತಂದರು, ಹಾಡುಗಳಿಂದ ತುಂಬಿ ತುಳುಕೋ ಸಂಗೀತ ನಾಟಕ. ಆ ಅಣ್ಣಾಸಾಹೇಬರೂ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಹೀಗೆ ನಮ್ಮ ಕಡೆಯಿಂದ ಹೋದದ್ದು ಬೇರೆ ವೇಷ ಹಾಕಿಕೊಂಡು ವಾಪಸ್ ಬಂತು. ಮರಾಠಿ ಕಂಪನಿಗಳು ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಗದಗ ಅಂತ ಕ್ಯಾಂಪ್ ಹಾಕ್ತಿದ್ದವು. ಹರೆಯದ ಹುಡುಗರು ರಾತ್ರಿಯೆಲ್ಲ ನಾಟಕ ನೋಡಿ ಬೆಳಿಗ್ಗೆ ಅದನ್ನೇ ಗುನುಗ್ತಿದ್ದರು. ಮುಂದೆ ಕನ್ನಡ ಕಂಪನಿಗಳೂ ಅದೇ ಮಟ್ಟುಗಳಿಗೆ ಹಾಡು ಕಟ್ಟಿದವು. ಈಗ ಸೈರಾಟ್ 2016ರಲ್ಲಿ ಮರಾಠಿಯಲ್ಲಿ ಬಂದು ಮರುವರ್ಷ ಕನ್ನಡದಲ್ಲಿ ಮನಸು ಮಲ್ಲಿಗೆ ಆಯ್ತಲ್ಲ, ಆ ದಾರಿ ಹೊಸದೇನಲ್ಲ, ಅದಕ್ಕೆ ಒಂದೂವರೆ ಶತಮಾನದ ಚರಿತ್ರೆ ಇದೆ.

ಇನ್ನೊಂದು ಕಾರಣ ರೈಲು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಪುಣೆ, ಮೀರಜ್, ಬೆಳಗಾವಿ, ಧಾರವಾಡ, ಹುಬ್ಬಳ್ಳಿಯನ್ನ ಒಂದೇ ಎಳೆಯಲ್ಲಿ ಪೋಣಿಸ್ತು. ಮೈಸೂರು ಅರಮನೆ ಉತ್ತರದ ಉಸ್ತಾದರನ್ನ ಕರೆಸಿ ಸನ್ಮಾನ ಮಾಡ್ತಿತ್ತು, ಅವರು ಹೋಗುವಾಗ ಬರುವಾಗ ಧಾರವಾಡದಲ್ಲಿ ಇಳೀತಿದ್ದರು. ಅಬ್ದುಲ್ ಕರೀಂ ಖಾನರು ಮೀರಜ್‌ನಲ್ಲಿ ನೆಲೆ ನಿಂತರು, ಅಲ್ಲಿಂದ ಹುಬ್ಬಳ್ಳಿ-ಧಾರವಾಡ ಎಷ್ಟು ದೂರ? ಪುಣೆಯ ಭಾಸ್ಕರಬುವಾ ಬಖಲೆ ಕೆಲಕಾಲ ಧಾರವಾಡದಲ್ಲೇ ಇದ್ದು ಸಂಗೀತ ಕಲಿಸಿದರು.

ಇಲ್ಲಿ ನೀವು ಕೇಳಬೇಕಾದ ಪ್ರಶ್ನೆ ಒಂದಿದೆ. ಅದೇ ಉಸ್ತಾದರು ಮೈಸೂರಲ್ಲೂ ಹಾಡಿದರಲ್ಲ? ಫೈಯಾಜ್ ಖಾನರಿಗೆ ಆಫ್ತಾಬ್-ಎ-ಮೌಸಿಕಿ ಅನ್ನೋ ಬಿರುದು ಕೊಟ್ಟಿದ್ದೇ ಮೈಸೂರು ಮಹಾರಾಜರು. ಆದರೂ ಮೈಸೂರಿನ ಕಿವಿ ಕರ್ನಾಟಕಿಯಲ್ಲೇ ಯಾಕೆ ಉಳೀತು? ನನ್ನ ತಿಳುವಳಿಕೆ ಹೀಗಿದೆ. ದೊಡ್ಡ ಗಾಯಕರನ್ನ ವರ್ಷಕ್ಕೊಮ್ಮೆ ಕೇಳಿದರೆ ಜನರ ರುಚಿ ಬದಲಾಗಲ್ಲ. ಹತ್ತರಿಂದ ಇಪ್ಪತ್ತರ ವಯಸ್ಸಿನಲ್ಲಿ, ದಿನಾ, ಬೇಡ ಅಂದರೂ ಕಿವಿ ಮೇಲೆ ಬೀಳೋದು ಯಾವುದು ಅನ್ನೋದು ಮುಖ್ಯ. ಮೈಸೂರಿನ ಹುಡುಗನಿಗೆ ಬಿದ್ದದ್ದು ಅರಮನೆ ವಿದ್ವಾಂಸರ ಪಾಠ, ರಾಮೋತ್ಸವದ ಕಚೇರಿ. ಹುಬ್ಬಳ್ಳಿ ಹುಡುಗನಿಗೆ ಬಿದ್ದದ್ದು ನಾಟಕದ ಹಾಡು, ಹೋಟೆಲಿನ ಗ್ರಾಮೊಫೋನ್. ಜೊತೆಗೆ ಹೊಟ್ಟೆಪಾಡು. ಧಾರವಾಡದ ಗಾಯಕನಿಗೆ ರೆಕಾರ್ಡಿಂಗ್ ಕಂಪನಿ, ಶ್ರೀಮಂತ ಶ್ರೋತೃಗಳು, ಮುಂದೆ ರೇಡಿಯೋ, ಎಲ್ಲ ಇದ್ದದ್ದು ಮುಂಬೈ-ಪುಣೆ ಕಡೆ. ನಾವು ಹಿಂಜವಡಿಗೆ ಬಂದ ಕಾರಣಕ್ಕೇ ಅವರೂ ಬಂದರು.

ಗ್ರಾಮೊಫೋನ್ ಬಗ್ಗೆ ಸ್ವಲ್ಪ ನಿಲ್ಲಬೇಕು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡನ್ನ ಮುದ್ರಿಸಿಕೊಂಡಲ್ಲಿಂದ ನಮ್ಮ ದೇಶದ ತಟ್ಟೆಗಳ ಚರಿತ್ರೆ ಶುರು. ಒಂದು ಬದಿಗೆ ಸುಮಾರು 3 ನಿಮಿಷ, ಅಷ್ಟೇ. ಗಂಟೆಗಟ್ಟಲೆ ಹಾಡೋ ರಾಗವನ್ನ 3 ನಿಮಿಷಕ್ಕೆ ಇಳಿಸಬೇಕು. ಈಗ 30 ಸೆಕೆಂಡಿನ ರೀಲ್ಸ್ ನೋಡಿ ನಾವು ಗೊಣಗ್ತೀವಲ್ಲ, ಆ ತರಹದ ಇಳಿಕೆ ಅದು. ಆದರೆ ಆ 3 ನಿಮಿಷ ಏನು ಮಾಡ್ತು ನೋಡಿ. ಗದಗಿನಲ್ಲಿ ಅಂಗಡಿ ಮುಂದೆ ನಿಂತು ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿದ ಒಬ್ಬ ಹುಡುಗ, ಹೀಗೇ ಹಾಡಬೇಕು, ಇದನ್ನ ಕಲಿಸೋ ಗುರು ಬೇಕು ಅಂತ 1933ರಲ್ಲಿ ಮನೆ ಬಿಟ್ಟು ಓಡಿಹೋದ. ಆಗ ಅವನಿಗೆ 11 ವರ್ಷ. ಅವನ ತಂದೆ ಗುರುರಾಜ ಜೋಶಿ ಶಾಲಾ ಮೇಷ್ಟ್ರು, ತಾಯಿ ಮನೆಯಲ್ಲಿ ಪುರಂದರದಾಸರ ಪದ ಹಾಡ್ತಿದ್ದರು. ಪುಣೆ, ಗ್ವಾಲಿಯರ್, ಜಲಂಧರ್ ಅಂತ ಸುತ್ತಿ, ತಂದೆ ಹುಡುಕಿ ಕರ್ಕೊಂಡು ಬಂದ ಮೇಲೆ ಗುರು ಸಿಕ್ಕಿದ್ದು ಮನೆ ಪಕ್ಕದ ಕುಂದಗೋಳದಲ್ಲಿ! 1936ರಿಂದ ಸವಾಯಿ ಗಂಧರ್ವರ ಮನೆಯಲ್ಲಿ ನೀರು ಹೊತ್ತು, ಕೆಲಸ ಮಾಡಿ ಪಾಠ. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಅದೇ ಕುಂದಗೋಳಕ್ಕೆ ಪಾಠಕ್ಕೆ ಹೋಗಿ ಬರ್ತಿದ್ದರು. ದಾರಿಯಲ್ಲಿ ಜನ 'ಗಾನೇವಾಲಿ' ಅಂತ ಹಂಗಿಸ್ತಿದ್ದ ದಿನಗಳು ಅವರ ಬದುಕಿನಲ್ಲಿದ್ದವು. ಹೊಸ ಹಾಡು ಕೇಳೋ ಕಿವಿ ಊರಿಗೆ ಬಂದಿತ್ತು, ಹಾಡೋ ಹೆಂಗಸನ್ನ ನೋಡೋ ಕಣ್ಣು ಮಾತ್ರ ಹಳೇದೇ.

ಎಲ್ಲರೂ ಅಂಬಾಬಾಯಿಯವರ ಹಾಗೆ ಒಂದನ್ನ ಬಿಟ್ಟು ಇನ್ನೊಂದನ್ನ ಹಿಡೀಲಿಲ್ಲ. ಗದಗಿನ ಪಂಚಾಕ್ಷರಿ ಗವಾಯಿಗಳು ಎರಡೂ ಪದ್ಧತಿ ಕಲಿತರು, ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಕಲಿಸಿದರು. ಮಲ್ಲಿಕಾರ್ಜುನ ಮನಸೂರರು ಮೊದಲು ಅಪ್ಪಯ್ಯಸ್ವಾಮಿಗಳ ಹತ್ತಿರ ಕರ್ನಾಟಕಿ ಕಲಿತು, ನಾಟಕ ಕಂಪನಿಯಲ್ಲಿ ಹಾಡಿ, ಆಮೇಲೆ ಮೀರಜ್‌ನ ನೀಲಕಂಠಬುವಾ ಅವರ ಕೈಗೆ ಬಂದರು. ಒಬ್ಬನೇ ಮನುಷ್ಯನ ಬಾಲ್ಯ-ಯೌವನದ ನಡುವೆ ಇಡೀ ಪ್ರದೇಶದ ಪಯಣ ಕಾಣುತ್ತೆ. ಅವರ ಆತ್ಮಕಥೆ 'ನನ್ನ ರಸಯಾತ್ರೆ' ಸಿಕ್ಕರೆ ಓದಿ, ಚಿಕ್ಕ ಪುಸ್ತಕ, ವೀಕೆಂಡಲ್ಲಿ ಮುಗಿಯುತ್ತೆ.

ಈಗ ಮುಂದಿನ ತಲೆಮಾರು. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾಯ್ತು. ಅಷ್ಟರಲ್ಲಿ ಹಿಂದೂಸ್ತಾನಿ ಅಲ್ಲಿ ಹಿರಿಯರ ಸಂಗೀತ ಆಗಿತ್ತು, ಗೌರವದ ಸಂಗೀತ. ಬಂಡಾಯದ ಹಾಡು ಮೂವತ್ತು ವರ್ಷದಲ್ಲಿ ಪೂಜೆಕೋಣೆ ಸೇರಿಬಿಡ್ತು ನೋಡಿ. ಹುಡುಗರಿಗೆ ಬೇಕಾಗಿದ್ದು ಸಿನಿಮಾ ಹಾಡು. 1952ರಲ್ಲಿ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಕಂಡರೆ ಆಗ್ತಿರಲಿಲ್ಲ, ಆಕಾಶವಾಣಿಯಿಂದ ಅದನ್ನ ಓಡಿಸಿದರು, ಶಾಸ್ತ್ರೀಯ ಸಂಗೀತ ತುಂಬಿದರು. ಜನರ ರುಚಿಯನ್ನ ಮೇಲಿಂದ ತಿದ್ದೋ ಪ್ರಯತ್ನ. ಹುಡುಗರು ಏನು ಮಾಡಿದರು? ರೇಡಿಯೋ ಕಿವಿ ತಿರುಚಿ ಸಿಲೋನ್ ಹಾಕಿದರು. ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಶುರುವಾಗಿದ್ದೂ ಅದೇ 1952ರಲ್ಲೇ. ಐದು ವರ್ಷಕ್ಕೆ ಸರ್ಕಾರ ಸೋತು, 1957ರ ಅಕ್ಟೋಬರ್ 3ಕ್ಕೆ ವಿವಿಧ ಭಾರತಿ ತಂತು.

ಕೇಸ್ಕರ್ ಪೂರ್ತಿ ಸೋತರಾ ಅಂದರೆ, ಇಲ್ಲ ಅನ್ಸುತ್ತೆ ನನಗೆ. ನಮ್ಮ ತಂದೆ ಗೀತ್‌ಮಾಲಾ ಪೀಳಿಗೆ. ಚಿಕ್ಕವರಿದ್ದಾಗ ರಫಿ, ಕಿಶೋರ್ ಬಿಟ್ಟರೆ ಇನ್ನೊಂದು ಕೇಳಿದವರಲ್ಲ. ಈಗ ಬೆಳಿಗ್ಗೆ ಎದ್ದು ಯೂಟ್ಯೂಬಲ್ಲಿ ಮನಸೂರರ ವಚನ ಹಾಕ್ತಾರೆ. "ವಯಸ್ಸಾತಲ್ಲಪಾ, ಇನ್ನ ಇದ ರುಚಿ ಹತ್ತತೈತಿ" ಅಂತಾರೆ. ವಯಸ್ಸಾದ ಮೇಲೆ ಎಲ್ಲರೂ ಶಾಸ್ತ್ರೀಯಕ್ಕೆ ತಿರುಗ್ತಾರೆ ಅನ್ನೋದು ನಮ್ಮಲ್ಲಿ ಸಾಮಾನ್ಯ ನಂಬಿಕೆ. ಆದರೆ ಡೇಟಾ ಜೊತೆ ಕೆಲಸ ಮಾಡೋರಿಗೆ ಇಲ್ಲಿ ತಕ್ಷಣ ಅನುಮಾನ ಬರಬೇಕು. ಇಲ್ಲಿ ಎರಡು ಕಾರಣ ಒಂದರೊಳಗೊಂದು ಸಿಕ್ಕಿಕೊಂಡಿವೆ. ಅವರಿಗೆ ವಯಸ್ಸಾಗಿದೆ, ನಿಜ. ಜೊತೆಗೆ ಅವರು ಹುಟ್ಟಿದ ಕಾಲವೂ ಇದೆ. ಅವರು ಹುಡುಗನಾಗಿದ್ದಾಗ ಅಜ್ಜನ ರೇಡಿಯೋದಲ್ಲಿ ಬೆಳಿಗ್ಗೆ ಆರಕ್ಕೆ ಧಾರವಾಡ ಸ್ಟೇಷನ್ನೇ ಹಾಡ್ತಿತ್ತು. ಬಯ್ಕೊಂಡೇ ಕೇಳಿದ್ದರೂ ಅದು ಒಳಗೆ ಕೂತಿತ್ತು. ಈಗ ತಿರುಗಿ ಬಂದಿರೋದು ಅದೇ. ನನಗೆ 65 ಆದಾಗ ನಾನೂ ಮನಸೂರರನ್ನೇ ಹಾಕ್ತೀನಿ ಅಂತ ಇದರಿಂದ ಹೇಳೋಕಾಗಲ್ಲ, ನನ್ನ ಬಾಲ್ಯದ ಬೆಳಿಗ್ಗೆ ಆರಕ್ಕೆ ಬೇರೆ ಏನೋ ಕೇಳ್ತಿತ್ತು.

ಇದರ ಬಗ್ಗೆ ಒಂದು ಹೆಸರಾಂತ ಅಧ್ಯಯನ ಇದೆ. 1989ರಲ್ಲಿ ಅಮೆರಿಕದ ಮಾರಿಸ್ ಹೋಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ 108 ಜನರಿಗೆ ಬೇರೆ ಬೇರೆ ಕಾಲದ 28 ಹಾಡುಗಳ ತುಣುಕು ಕೇಳಿಸಿ ಅಂಕ ಹಾಕಿಸಿದರು. ಕೇಳುಗರಿಗೆ ಸುಮಾರು 24 ವರ್ಷ ಇದ್ದಾಗ ಬಂದ ಹಾಡುಗಳಿಗೆ ಅತಿ ಹೆಚ್ಚು ಒಲವು ಕಂಡಿತು. ಸ್ಯಾಂಪಲ್ ಚಿಕ್ಕದು, ಜನ ಅಮೆರಿಕದವರು, ಹಾಡು ಎಲ್ಲ ಪಾಪ್. ಹಾಗಾಗಿ ಆ 24 ಅನ್ನೋ ಸಂಖ್ಯೆಯನ್ನ ನಾನು ಗಟ್ಟಿಯಾಗಿ ಹಿಡ್ಕೊಳ್ಳಲ್ಲ. ಆದರೆ ಹರೆಯದ ಹಾಡು ಅಂಟಿಕೊಳ್ಳುತ್ತೆ ಅನ್ನೋದನ್ನ ಒಪ್ಪೋಕೆ ನಮಗೆ ಅಧ್ಯಯನ ಬೇಕಾಗಿಲ್ಲ. 2006ರ ಕೊನೆಗೆ ಮುಂಗಾರು ಮಳೆ ಬಂದಾಗ ನೀವು ಹಾಸ್ಟೆಲ್‌ನಲ್ಲಿ ಇದ್ದಿದ್ದರೆ, ಮನೋಮೂರ್ತಿ ಹೆಸರು ಹೇಳಿದ ಕೂಡಲೇ ಏನಾಗುತ್ತೆ ಅಂತ ನಿಮಗೆ ಗೊತ್ತು. ನಮಗಿಂತ ಹಿಂದಿನವರಿಗೆ 1987ರ ಪ್ರೇಮಲೋಕ ಹಾಗೆ. ಆಗ ಹಂಸಲೇಖರನ್ನ ಬೈದ ಹಿರಿಯರು, ಪಿ.ಬಿ. ಶ್ರೀನಿವಾಸ್ ಅವರ ಕಾಲ ಹೋಯ್ತಲ್ಲ ಅಂತ ಕೊರಗ್ತಿದ್ದರು. ಆ ಹಿರಿಯರ ಹಿರಿಯರು ಕೊರಗಿದ್ದು, ನಾಟಕದವರ ಗಂಟಲು ಈ ಮೈಕಿನ ಮುಂದೆ ಪಿಸುಗುಟ್ಟೋರಿಗೆಲ್ಲಿದೆ ಅಂತ.

ಹಾಗಂತ ಹರೆಯದಲ್ಲಿ ಕಿವಿ ಬೀಗ ಹಾಕಿಕೊಂಡುಬಿಡುತ್ತೆ ಅಂತಲೂ ಅಲ್ಲ. ಭೀಮಸೇನರನ್ನೇ ನೋಡಿ. ತಾಯಿಯ ಪದ ಬಿಟ್ಟು ಖಯಾಲಿನ ಹಿಂದೆ ಓಡಿದ ಹುಡುಗ ಹೆಸರು ಮಾಡಿದ ಮೇಲೆ ದಾಸವಾಣಿ ಹಾಡಿದರು, ಪುಣೆಯವರಿಗೆ ಸಂತವಾಣಿಯಲ್ಲಿ ಅಭಂಗ ಕೊಟ್ಟ ಅದೇ ಗಂಟಲಲ್ಲಿ. ತಾಯಿ ಹಾಡ್ತಿದ್ದದ್ದೇ ಹಿಂದೂಸ್ತಾನಿ ಮೈ ಪಡೆದು ಬಂತು. ಈಗ 'ಭಾಗ್ಯದ ಲಕ್ಷ್ಮೀ ಬಾರಮ್ಮ' ಅಂದರೆ ನಮ್ಮ ಕಡೆ ಅಜ್ಜಿಯರು ಭೀಮಸೇನರ ಮಟ್ಟಿನಲ್ಲೇ ಹೇಳ್ತಾರೆ, ಮೈಸೂರು ಕಡೆ ಅಜ್ಜಿಯರು ಅದಲ್ಲ ಸರಿ ಅಂತಾರೆ. ನನ್ನ ಹೆಂಡತಿ ಮೈಸೂರಿನವಳು, ಪ್ರತಿ ಶ್ರಾವಣ ಶುಕ್ರವಾರ ನಮ್ಮ ಫ್ಲ್ಯಾಟಿನಲ್ಲಿ ಈ ಗಡಿ ವಿವಾದ ಇದ್ದೇ ಇದೆ.

ಗಂಗೂಬಾಯಿಯವರ ವಿಷಯದಲ್ಲಂತೂ ರುಚಿಯಷ್ಟೇ ಅಲ್ಲ, ದನಿಯೇ ಬದಲಾಯ್ತು. 1930ರ ದಶಕದ ಅವರ ಎಚ್‌ಎಂವಿ ತಟ್ಟೆಗಳಲ್ಲಿ, ಗಾಂಧಾರಿ ಹಾನಗಲ್ ಅನ್ನೋ ಹೆಸರಿನಲ್ಲಿ, ತೆಳುವಾದ, ಎತ್ತರದ ಹೆಣ್ಣು ದನಿ. ಆಮೇಲೆ ಗಂಟಲಿನ ತೊಂದರೆ, ಚಿಕಿತ್ಸೆ ಆಗಿ ದನಿ ಇಳಿದು ಗಡಸಾಯ್ತು. ಇವತ್ತು ನಾವು ಗಂಗೂಬಾಯಿ ಅಂತ ಗುರುತಿಸೋ ದನಿ ಅದು. ಹಳೇ ತಟ್ಟೆ ಇಷ್ಟಪಟ್ಟಿದ್ದವರು ಮೊದಲು ಬೆಚ್ಚಿರಬೇಕು, ಆದರೆ ಮುಂದಿನ ಕೇಳುಗರಿಗೆ ಆ ಗಡಸೇ ಬೇಕಾಯ್ತು. ಅವರ ಮಗಳು ಕೃಷ್ಣಾ ವೇದಿಕೆಯಲ್ಲಿ ಪಕ್ಕದಲ್ಲಿ ಕೂತು ದನಿಗೂಡಿಸ್ತಿದ್ದರು, ದಶಕಗಳ ಕಾಲ. ಅಜ್ಜಿ ಮಗಳಿಗಾಗಿ ಹಾಡು ನಿಲ್ಲಿಸಿದರು, ಮೊಮ್ಮಗಳು ತಾಯಿಯ ಹಾಡಿಗೆ ಬೆಂಬಲವಾಗಿ ಹಾಡಿದರು. 2004ರಲ್ಲಿ ಕೃಷ್ಣಾ ತಾಯಿಗಿಂತ ಮೊದಲೇ ಹೋದರು. ಗಂಗೂಬಾಯಿ ಹುಬ್ಬಳ್ಳಿಯಲ್ಲಿ ತೀರಿಕೊಂಡಿದ್ದು 2009ರ ಜುಲೈನಲ್ಲಿ.

ಅಂಬಾಬಾಯಿಯವರ ದನಿ ಹೇಗಿತ್ತು ಅಂತ ನಾನು ಕೇಳಿಲ್ಲ. ಮಗಳ ಹಾಡಿನಲ್ಲಿ ಅದರ ನೆರಳು ಏನಾದರೂ ಉಳಿದಿದೆಯಾ ಅಂತ ಹುಡುಕ್ತಾ ಕೇಳ್ತೀನಿ. ನನ್ನ ಕಿವಿಗೆ ಅಷ್ಟು ತರಬೇತಿ ಇಲ್ಲ, ಕರ್ನಾಟಕಿ ಕಲಿತವರು ನಿಮ್ಮಲ್ಲಿ ಯಾರಾದರೂ ಇದ್ದರೆ ಆ ಗಾಂಧಾರಿ ಹಾನಗಲ್ ತಟ್ಟೆಗಳನ್ನ ಹಾಕಿ ಒಮ್ಮೆ ಗಮನವಿಟ್ಟು ಕೇಳಿ. ಹಾಗೇ ಡಿಸೆಂಬರ್‌ನಲ್ಲಿ ಸವಾಯಿಗೆ ಹೋಗೋರು ಯಾವಾಗಲಾದರೂ ಊರಿಗೆ ಹೋದಾಗ ಕುಂದಗೋಳದಲ್ಲೂ ಇಳಿದು ನಾಡಿಗೇರ ವಾಡೆ ನೋಡಿ ಬನ್ನಿ, ಹುಬ್ಬಳ್ಳಿಯಿಂದ ಅರ್ಧ ಗಂಟೆಯ ದಾರಿ. ಮುಂದಿನ ಸಲ ಬೀಳಗಿಯಿಂದ ಮುಂಬೈಗೆ ಹೋಗಿ ಹಿಂದಿ ಸಿನಿಮಾದಲ್ಲಿ ಹಾಡಿದ ಅಮೀರಬಾಯಿ ಕರ್ನಾಟಕಿಯವರ ಬಗ್ಗೆ ಮಾತಾಡ್ತೀನಿ.